ಮರಣದಂಡನೆಯ ಕ್ರೌರ್ಯವಿಚಾರ: ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಸೀಮೆಯಿಂದ ಒಂದು ನೋಟ

ಮರಣದಂಡನೆಯು ಕ್ರೂರವಾದುದು, ಅದನ್ನು ರಾಜಶಾಸನದಿಂದ ತೆಗೆದುಹಾಕತಕ್ಕದ್ದು ಎಂಬ ವಾದವು ಪಶ್ಚಿಮ ದೇಶಗಳಲ್ಲಿ ಹುಟ್ಟಿ, ಇಂಗ್ಲಿಷ್ ವಿದ್ಯೆಯ ಸಂಗಡ ಕನ್ನಡನಾಡಿಗೆ ಬಂದಿತೆಂದು ಹೇಳುವುದು ವಾಡಿಕೆ. ಇಟಲಿಯ ಬೆಕ್ಕಾರಿಯನು ೧೭೬೪ರಲ್ಲಿ ಅಪರಾಧಗಳನ್ನೂ ಶಿಕ್ಷೆಗಳನ್ನೂ ಕುರಿತು ಬರೆದ ಗ್ರಂಥದಿಂದ ಈ ಚರ್ಚೆಯನ್ನು ಆರಂಭಿಸುವವರೇ ಹೆಚ್ಚು. ಆ ಗ್ರಂಥದ ಮಹತ್ವವನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ಮಲೆನಾಡಿನ ಒಂದು ಮೂಲೆಯನ್ನು ಹಿಡಿದು, ಅಲ್ಲಿಗೆ ಸಂಬಂಧಪಟ್ಟ ಶಾಸ್ತ್ರ, ಆಡಳಿತ, ಸಾಹಿತ್ಯ ಇವುಗಳನ್ನು ಒಟ್ಟಿಗೆ ನೋಡಿದರೆ, ಈ ಪ್ರಶ್ನೆಯು ಇಲ್ಲಿ ಬಹಳ ಹಿಂದಿನಿಂದಲೂ ಕೇಳಲ್ಪಟ್ಟಿತ್ತೆಂದೂ, ಉತ್ತರಗಳು ಮಾತ್ರ ಒಂದಕ್ಕೊಂದು ವಿರುದ್ಧವಾಗಿದ್ದುವೆಂದೂ ತಿಳಿಯಬರುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳು ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ತುಂಗಾತೀರದ ಶೃಂಗೇರಿಯಲ್ಲಿ ಅದ್ವೈತಪೀಠವುಂಟು. ಹಿಂದೆ ಎಡೆಹಳ್ಳಿಯೆನಿಸಿಕೊಂಡು, ಮುಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದ ನರಸಿಂಹರಾಜಪುರದಲ್ಲಿ ಜ್ವಾಲಾಮಾಲಿನಿಯ ಬಸದಿಯಿರುವ ಸಿಂಹನಗದ್ದೆಯ ಜೈನಕ್ಷೇತ್ರವುಂಟು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರ ಡಿಸೆಂಬರ್ ೨೯ರಂದು ಕುವೆಂಪು ಅವರು ಜನಿಸಿದರು. ಸರ್ವಭೂತಗಳಿಗೂ ಅಭಯವನ್ನು ಕೊಟ್ಟು ಸಂನ್ಯಾಸವನ್ನು ಪಡೆಯುವ ಸಂಪ್ರದಾಯ, ಅಹಿಂಸೆಯೇ ಪರಮವೆನ್ನುವ ಸಂಪ್ರದಾಯ ಇವೆರಡೂ ಒಂದೇ ಕಾಡಿನ ಎರಡು ಮಗ್ಗುಲುಗಳಲ್ಲಿ ನೆಲಸಿರುವಾಗ, ಈ ನೆಲವನ್ನಾಳಿದ ಅರಸರು ಕೊಲ್ಲುವ ಶಿಕ್ಷೆಯನ್ನು ಹೇಗೆ ಸಮರ್ಥಿಸಿಕೊಂಡರೆಂಬುದು ವಿಚಾರಾರ್ಹವಾದ ಸಂಗತಿ.

ಮೊದಲು ಶಾಸ್ತ್ರವನ್ನು ನೋಡಬಹುದು. ಕ್ರಿ. ಶ. ೧೩೪೬ರಲ್ಲಿ ಸಂಗಮವಂಶದ ಹರಿಹರನು ತನ್ನ ಸಹೋದರರೊಡನೆ ಶೃಂಗೇರಿಗೆ ಬಂದು ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ದತ್ತಿಯನ್ನಿತ್ತುದು ಶಾಸನದಿಂದ ತಿಳಿದ ವಿಷಯ. ಬುಕ್ಕರಾಯನ ಮಂತ್ರಿಯಾಗಿದ್ದ ಮಾಧವಾಚಾರ್ಯನು ರಚಿಸಿದ ಪರಾಶರಮಾಧವೀಯವು ಅದೇ ಕಾಲದ, ಅದೇ ವಲಯದ ಗ್ರಂಥ. ಈ ಮಾಧವನೂ ಪೀಠಾಧಿಪತಿಗಳಾದ ವಿದ್ಯಾರಣ್ಯರೂ ಒಬ್ಬರೇ, ಬೇರೆ ಬೇರೆಯೇ ಎಂಬ ವಿವಾದವು ವಿದ್ವಾಂಸರಲ್ಲಿ ಹಳೆಯದು. ಮಾಧವಮಂತ್ರಿಯೆಂಬ ಮತ್ತೊಬ್ಬನಿದ್ದುದರಿಂದ ಅದು ಇನ್ನಷ್ಟು ತೊಡಕಾಯಿತು. ಪ್ರಕೃತಕ್ಕೆ ಆ ವಿವಾದವು ಬಾಧಕವಲ್ಲ. ಭಾರತೀತೀರ್ಥರನ್ನು ಗುರುವೆಂದು ನಮಸ್ಕರಿಸಿದವನ ಕೃತಿಯಿದು ಎಂಬಷ್ಟೇ ಸಾಕು.

ಪರಾಶರಸ್ಮೃತಿಯು ಕಲಿಯುಗಕ್ಕೆ ವಿಹಿತವಾದುದೆಂಬ ಹೆಸರನ್ನು ಪಡೆದಿದೆ. ಅದರಲ್ಲಿ ಆಚಾರ, ಪ್ರಾಯಶ್ಚಿತ್ತ ಎಂಬ ಎರಡೇ ವಿಷಯಗಳುಂಟು. ವ್ಯವಹಾರ, ಎಂದರೆ ನ್ಯಾಯನಿರ್ಣಯದ ಭಾಗವು ಅದರಲ್ಲಿಲ್ಲ. ಕ್ಷತ್ರಿಯನು ಪ್ರಜೆಗಳನ್ನು ಕಾಯುತ್ತ, ದಂಡವನ್ನು ಹಿಡಿದು, ಧರ್ಮದಿಂದ ಭೂಮಿಯನ್ನು ಪಾಲಿಸಬೇಕೆಂಬ ಅರ್ಥದ ಒಂದೇ ಒಂದು ಮಾತನ್ನು ಆಸರೆಯಾಗಿ ಹಿಡಿದು ಮಾಧವನು ಅದಕ್ಕೆ ಇಡಿಯ ವ್ಯವಹಾರಕಾಂಡವನ್ನೇ ಕಟ್ಟಿ ಸೇರಿಸಿದನು. ಇದನ್ನು ವ್ಯಾಖ್ಯಾನಕಾರನ ಪಾಂಡಿತ್ಯಪ್ರದರ್ಶನವೆಂದು ಮಾತ್ರ ಎಣಿಸುವುದು ಸರಿಯಲ್ಲ. ಹೊಸದಾಗಿ ಹುಟ್ಟಿದ ಒಂದು ರಾಜ್ಯಕ್ಕೆ ಪ್ರಾಯಶ್ಚಿತ್ತದಿಂದ ಮಾತ್ರ ಕೆಲಸ ಸಾಗದು, ನ್ಯಾಯಸ್ಥಾನವೂ ಬೇಕು ಎಂಬ ಅರಿವು ಇದರಲ್ಲಿ ಕಾಣುತ್ತದೆ. ಪ್ರಾಯಶ್ಚಿತ್ತವು ತಪ್ಪಿತಸ್ಥನು ತಾನಾಗಿ ಬೇಡಿ ಪಡೆಯುವಂಥದು. ದಂಡವಾದರೋ ಹೊರಗಿನಿಂದ ಬಂದು ಬೀಳುವಂಥದು. ಧರ್ಮಶಾಸ್ತ್ರಕಾರರು ಈ ಎರಡನ್ನೂ ಪೂರ್ತಿಯಾಗಿ ಬೇರೆ ಮಾಡಲಿಲ್ಲ. ರಾಜನಿಂದ ದಂಡಿತನಾದವನು ಪಾಪವನ್ನು ಕಳೆದುಕೊಂಡು ಸುಕೃತಿಗಳಂತೆ ಸ್ವರ್ಗಕ್ಕೆ ಹೋಗುವನೆಂಬ ಮನುವಿನ ಮತವನ್ನು ಅವರೆಲ್ಲರೂ ಒಪ್ಪಿದವರು. ಈ ದೃಷ್ಟಿಯಲ್ಲಿ ಶೂಲವು ಕೂಡ ಒಂದು ವಿಧದ ತೀರ್ಥವಾಗಿಬಿಡುತ್ತದೆ. ಕೊಲ್ಲುವವನ ಮನಸ್ಸಿಗೆ ಇದಕ್ಕಿಂತ ಹೆಚ್ಚಿನ ಸಮಾಧಾನವನ್ನು ಕೊಡುವ ಸಿದ್ಧಾಂತವು ದೊರೆಯುವುದು ಕಷ್ಟ.

ಇಲ್ಲಿ ಒಂದು ಶಬ್ದವಿಚಾರವು ಅವಶ್ಯಕ. ಯಾಜ್ಞವಲ್ಕ್ಯನು ವಾಗ್ದಂಡ, ಧಿಗ್ದಂಡ, ಧನದಂಡ, ವಧದಂಡ ಎಂದು ನಾಲ್ಕು ಬಗೆಗಳನ್ನು ಹೇಳುತ್ತಾನೆ. ಕನ್ನಡದಲ್ಲಿ ‘ವಧೆ’ ಎಂದೊಡನೆ ಕೊಲೆಯೆಂದೇ ಅರ್ಥವಾಗುವುದರಿಂದ, ಸ್ಮೃತಿಗಳಲ್ಲಿ ಈ ಶಬ್ದವು ಬಂದೆಡೆಯೆಲ್ಲ ಮರಣವನ್ನು ಹೇಳಿದೆಯೆಂದು ಅನುವಾದಿಸಿದವರುಂಟು. ಇದು ಸರಿಯಲ್ಲ. ಮನುವೇ ‘ವಿವಿಧ’ವಾದ ವಧವನ್ನು ಹೇಳಿರುವನು. ಹೊಡೆತ, ಅಂಗಚ್ಛೇದ ಮೊದಲುಗೊಂಡು ಪ್ರಾಣಹರಣದವರೆಗೆ ಶರೀರವನ್ನು ಮುಟ್ಟುವ ಶಿಕ್ಷೆಯೆಲ್ಲವೂ ವಧದಲ್ಲಿ ಅಡಗಿದೆ. ಆದುದರಿಂದ ಶಾಸ್ತ್ರಗ್ರಂಥಗಳಲ್ಲಿ ವಧವು ಎಷ್ಟು ಸಲ ಬಂದಿದೆಯೆಂದು ಎಣಿಸಿ ಪ್ರಾಚೀನರ ಕ್ರೌರ್ಯವನ್ನು ಅಳೆಯಹೊರಡುವುದು ವ್ಯರ್ಥ.

ಕ್ರೌರ್ಯದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವನು ಕೌಟಿಲ್ಯ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು ೧೯೦೯ರಲ್ಲಿ ಅಚ್ಚಾದ ಅರ್ಥಶಾಸ್ತ್ರದ ಕಂಟಕಶೋಧನಾಧಿಕರಣದಲ್ಲಿ ಶುದ್ಧವಧ, ಚಿತ್ರವಧ ಎಂಬ ಭೇದವನ್ನು ಮಾಡಿದೆ. ನೋವಿಲ್ಲದೆ ಒಮ್ಮೆಗೇ ಪ್ರಾಣ ತೆಗೆಯುವುದು ಶುದ್ಧ. ಹಿಂಸಿಸಿ ಹಿಂಸಿಸಿ ಕೊಲ್ಲುವುದು ಚಿತ್ರ. ಚಿತ್ರವಧದ ವಿಧಗಳನ್ನು ಹೇಳಿ ಮುಗಿಸಿದ ಬಳಿಕ, ಇವು ಹಿಂದಿನ ಮಹಾತ್ಮರ ಶಾಸ್ತ್ರಗಳಲ್ಲಿ ಬಂದುವು, ಆದರೆ ಕ್ರೂರಕೃತ್ಯವನ್ನು ಮಾಡದ ಅಪರಾಧಿಗೆ ಶುದ್ಧವಧವೇ ಧರ್ಮ್ಯವೆಂದು ಆತನು ಹೇಳಿರುವುದು ಗಮನಿಸತಕ್ಕ ಸಂಗತಿ. ದಯೆಗೆ ಹೆಸರಾಗದ ಗ್ರಂಥವೊಂದರಲ್ಲಿ ಶಿಕ್ಷೆಯ ಕ್ರೌರ್ಯಕ್ಕೆ ಮೇರೆಯಿದೆಯೆಂಬ ತತ್ತ್ವವು ಹೀಗೆ ಅಂಗೀಕೃತವಾಗಿದೆ. ಪ್ರಾಣ ತೆಗೆಯುವುದೇ ಕ್ರೂರವೆಂಬ ಹೆಜ್ಜೆಯನ್ನು ಮಾತ್ರ ಕೌಟಿಲ್ಯನು ಇಡಲಿಲ್ಲ.

ಆ ಹೆಜ್ಜೆಯನ್ನು ಇಟ್ಟುದು ಮಹಾಭಾರತದ ಶಾಂತಿಪರ್ವ. ಯಾರನ್ನೂ ಹಿಂಸಿಸದೆ ರಾಜನು ಪ್ರಜೆಗಳನ್ನು ಕಾಯುವುದೆಂತು ಎಂಬ ಯುಧಿಷ್ಠಿರನ ಪ್ರಶ್ನೆಗೆ ಭೀಷ್ಮನು ದ್ಯುಮತ್ಸೇನ ಸತ್ಯವಂತರ ಸಂವಾದವನ್ನು ಉತ್ತರವಾಗಿ ಕೊಡುತ್ತಾನೆ. ತಂದೆಯ ಅಪ್ಪಣೆಯಂತೆ ಕೊಲ್ಲಲೆಂದು ಕರೆತಂದವರನ್ನು ಕಂಡು ಸತ್ಯವಂತನು, ಕೊಲೆಯು ಎಂದಿಗೂ ಧರ್ಮವಾಗಲಾರದೆಂದು ವಾದಿಸುತ್ತಾನೆ. ದ್ಯುಮತ್ಸೇನನ ಪ್ರತಿವಾದವು ಇಂದಿಗೂ ಹಳೆಯದಾಗಿಲ್ಲ: ದಸ್ಯುಗಳನ್ನು ಕೊಲ್ಲದೆ ಬಿಟ್ಟರೆ ನನ್ನದು ನಿನ್ನದು ಎಂಬ ವ್ಯವಸ್ಥೆಯೇ ಕೆಡುವುದು, ಬೇರೆ ಉಪಾಯವಿದ್ದರೆ ಹೇಳು. ಸತ್ಯವಂತನು ಕೊಟ್ಟ ಉತ್ತರದಲ್ಲಿ ಮೂರು ಅಂಶಗಳಿವೆ. ಒಬ್ಬನನ್ನು ಕೊಂದರೆ ಅವನ ಹೆಂಡತಿ, ತಾಯಿ, ತಂದೆ, ಮಕ್ಕಳು ಎಂಬ ನಿರಪರಾಧಿಗಳೂ ಹತರಾದಂತೆಯೇ. ಕೆಟ್ಟವನು ಸಜ್ಜನರಿಂದ ಶೀಲವನ್ನು ಕಲಿಯುವುದುಂಟು. ಕೆಟ್ಟವರ ಹೊಟ್ಟೆಯಲ್ಲಿ ಒಳ್ಳೆಯವರು ಹುಟ್ಟುವುದೂ ಉಂಟು, ಆದುದರಿಂದ ಬೇರನ್ನೇ ಕಡಿಯಬಾರದು. ಇದಕ್ಕೆ ತಂದೆಯು ಇತಿಹಾಸದ ಮಾತನ್ನಾಡುತ್ತಾನೆ. ಪೂರ್ವಕಾಲದಲ್ಲಿ ಧಿಕ್ಕಾರವೇ ಸಾಕಾಗಿತ್ತು, ಅನಂತರ ಬೈಗುಳ ಬೇಕಾಯಿತು, ಆಮೇಲೆ ದಂಡದ ಹಣ, ಈಗ ವಧ. ವಧದಿಂದಲೂ ಜನರನ್ನು ಹಿಡಿದು ನಿಲ್ಲಿಸಲಾಗುತ್ತಿಲ್ಲ. ತನ್ನ ಪಕ್ಷವನ್ನು ಸಮರ್ಥಿಸಲೆಂದು ಆಡಿದ ಈ ಕೊನೆಯ ಮಾತಿನಲ್ಲಿ ದ್ಯುಮತ್ಸೇನನು ಮಗನ ಪಕ್ಷಕ್ಕೇ ಬಲವನ್ನು ಕೊಟ್ಟುಬಿಟ್ಟನೆಂದು ತೋರುತ್ತದೆ. ಭೀಷ್ಮನಾದರೋ ಇಬ್ಬರಲ್ಲಿ ಯಾರು ಗೆದ್ದರೆಂದು ಬಿಡಿಸಿ ಹೇಳುವುದಿಲ್ಲ.

ಮಲೆನಾಡಿನ ಮನೆಗಳ ಜಗಲಿಗಳಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಗಮಕಿಗಳ ಬಾಯಿಂದ ಜನರು ಕೇಳುತ್ತಿದ್ದುದು ಕುಮಾರವ್ಯಾಸನ ಭಾರತವನ್ನು. ಅದು ಗದಾಪರ್ವಕ್ಕೆ ನಿಂತುಹೋಗುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಕನ್ನಡಕ್ಕೆ ತಂದನಾದರೂ, ಅದಕ್ಕೆ ಕುಮಾರವ್ಯಾಸನಿಗಿದ್ದ ಪ್ರಚಾರವು ದೊರೆಯಲಿಲ್ಲ. ಕೀಚಕನ ವಧೆ, ದುಶ್ಶಾಸನನ ವಧೆಗಳನ್ನು ನೂರು ಸಲ ಕೇಳಿದ ಕಿವಿಗಳಿಗೆ ಸತ್ಯವಂತನ ವಾದವು ಬೀಳದೆಹೋದುದು ಸಾಹಿತ್ಯಚರಿತ್ರೆಯ ಆಕಸ್ಮಿಕಗಳಲ್ಲೊಂದು.

ಶಾಸ್ತ್ರದ ಅತ್ಯಂತ ದುರ್ಬಲವಾದ ಭಾಗವು ಬೇರೆಡೆಯಲ್ಲಿದೆ. ಬ್ರಾಹ್ಮಣನಿಗೆ ಪ್ರಾಣಾಂತಿಕದಂಡವಿಲ್ಲ, ಅದರ ಸ್ಥಾನದಲ್ಲಿ ತಲೆ ಬೋಳಿಸುವುದು, ದೇಶದಿಂದ ಹೊರಡಿಸುವುದು ಎಂದು ಮನುವು ವಿಧಿಸಿದನು. ಆತತಾಯಿಯಾಗಿ ಮೇಲೆ ಬಿದ್ದ ಬ್ರಾಹ್ಮಣನನ್ನು ಆತ್ಮರಕ್ಷಣೆಗಾಗಿ ಕೊಲ್ಲಬಹುದೇ ಎಂಬುದನ್ನು ಕುರಿತು ಕಲ್ಯಾಣದ ವಿಜ್ಞಾನೇಶ್ವರನೂ ಮಿತಾಕ್ಷರೆಯಲ್ಲಿ ಚರ್ಚಿಸಬೇಕಾಯಿತು. ಮರಣದಂಡನೆಯಿಲ್ಲದೆ ಸಮಾಜವು ನಿಲ್ಲಲಾರದೆಂದು ನಿಜವಾಗಿಯೂ ನಂಬಿದವರು ಒಂದು ವರ್ಣವನ್ನೇ ಅದರಿಂದ ಬಿಟ್ಟುಕೊಡುತ್ತಿರಲಿಲ್ಲ. ಬಿಟ್ಟುಕೊಟ್ಟಮೇಲೆ, ಆ ಶಿಕ್ಷೆಯಿಲ್ಲದೆಯೇ ಮನುಷ್ಯರನ್ನು ಅಂಕೆಯಲ್ಲಿಡಬಹುದೆಂದು ಒಪ್ಪಿದಂತಾಯಿತು.

ಇನ್ನು ಆಚರಣೆ. ಕ್ರಿ. ಶ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಅಪರಾಧಿಗಳನ್ನು ಆನೆಯ ಕಾಲಿಗೆ ಹಾಕಿಸುತ್ತಿದ್ದುದನ್ನು ಹೇಳುತ್ತಾನೆ. ಅಚ್ಯುತರಾಯನ ಕಾಲದಲ್ಲಿದ್ದ ಪೋರ್ಚುಗೀಸ್ ವರ್ತಕ ನೂನಿಜನು ಕೊಡುವ ವಿವರಗಳು ಇನ್ನೂ ಹೆಚ್ಚು: ಕಳ್ಳತನಕ್ಕೆ ಕೈಕಾಲುಗಳ ಛೇದ, ದೊಡ್ಡ ಕಳ್ಳತನಕ್ಕೆ ಗದ್ದದ ಕೆಳಗೆ ಕೊಕ್ಕೆ ಸಿಕ್ಕಿಸಿ ಕೊಲ್ಲುವುದು, ದ್ರೋಹಮಾಡಿದ ನಾಯಕರಿಗೆ ಶೂಲ. ಮಾಧವನ ಕಾಂಡದ ಮರ್ಯಾದೆಗಳೆಲ್ಲಿ, ಈ ಕೊಕ್ಕೆಯೆಲ್ಲಿ! ಪರದೇಶದವರು ವಿಚಿತ್ರವಾದುದನ್ನೇ ಎತ್ತಿ ಬರೆಯುವರೆಂಬ ಮಾತು ದಿಟ. ಆದರೆ ಇಬ್ಬರ ಸಾಕ್ಷ್ಯವನ್ನೂ ತಳ್ಳಿಹಾಕುವುದಕ್ಕೆ ಕಾರಣವಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಊರುಗಳ ಮಟ್ಟದಲ್ಲಿ ಬೇರೊಂದು ನ್ಯಾಯವಿತ್ತು. ಕೋಟವುಮಚಗಿಯ ಕ್ರಿ. ಶ. ೧೦೧೨ರ ಶಾಸನದಂಥ ಅಗ್ರಹಾರಶಾಸನಗಳಲ್ಲಿ ಬೈದುದಕ್ಕೆ, ಹೊಡೆದುದಕ್ಕೆ, ಆಯುಧವನ್ನು ಹಿರಿದುದಕ್ಕೆ ಕ್ರಮವಾಗಿ ಏರುವ ದಂಡದ ಹಣವನ್ನು ಗೊತ್ತುಮಾಡಿರುವುದು ಕಂಡುಬರುತ್ತದೆ. ಮುಖಪರಿಚಯವುಳ್ಳವರು ಕೂಡಿ ನ್ಯಾಯವನ್ನು ತೀರ್ಮಾನಿಸುವಲ್ಲಿ ಹಣದ ದಂಡವು ಮುಂದೆ ಬರುವುದೂ, ಅರಮನೆಯು ದೂರವಾದಷ್ಟೂ ಶರೀರದ ಮೇಲಣ ದಂಡವು ಬೆಳೆಯುವುದೂ ಆಲೋಚಿಸತಕ್ಕ ವಿಷಯ.

ಕಾವ್ಯಪುರಾಣಗಳ ಸಾಕ್ಷ್ಯವನ್ನು ಎಚ್ಚರದಿಂದ ಬಳಸಬೇಕು. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯಲ್ಲಿ ಕಳ್ಳನನ್ನು ಹಿಡಿಯಬೇಕಾದ ತಳಾರನಿಗೆ ಯಮದಂಡನೆಂಬ ಹೆಸರಿದೆ. ಪೀಡನೆಗಳೆಲ್ಲವನ್ನೂ ಸಹಿಸಿದ ಕಳ್ಳನು ಕಡೆಗೆ ಋಷಿಯಾಗುತ್ತಾನೆ. ಕೆಟ್ಟವನೂ ತಿದ್ದಿಕೊಳ್ಳಬಲ್ಲನೆಂಬ ಸತ್ಯವಂತನ ಮಾತನ್ನು ಜೈನಕಥೆಗಾರನು ತನ್ನ ದಾರಿಯಲ್ಲಿ ಹೇಳಿದಂತಾಗಿದೆ. ಕಲ್ಯಾಣದ ಹರಳಯ್ಯ ಮಧುವಯ್ಯಗಳ ವಿಷಯದಲ್ಲಿ ಗ್ರಂಥಗಳು ಏಕಾಭಿಪ್ರಾಯವುಳ್ಳವಲ್ಲ. ಪಾಲ್ಕುರಿಕೆ ಸೋಮನಾಥನ ಬಸವಪುರಾಣದ ಸಂಪ್ರದಾಯದಲ್ಲಿ ಬಿಜ್ಜಳನು ಅವರ ಕಣ್ಣುಗಳನ್ನು ಕೀಳಿಸಿದನು. ನಾಡಿನಲ್ಲಿ ಹೆಚ್ಚು ಪ್ರಚಾರದಲ್ಲಿರುವ ಕಥೆಯಲ್ಲಿ ಎಳೆಹೂಟೆಯ ಶಿಕ್ಷೆಯಾಯಿತು. ಶಿಕ್ಷೆಯು ಯಾವುದೆಂಬುದರಲ್ಲಿ ಭೇದವಿದ್ದರೂ, ಅದರ ಫಲವೇನೆಂಬುದರಲ್ಲಿ ಭೇದವಿಲ್ಲ. ದಂಡಿಸಿದ ಅರಸನೇ ಹತನಾದನು.

ಮಲೆನಾಡಿನ ಅಗ್ರಹಾರಗಳಲ್ಲಿ ಅರಸನ ಕತ್ತಿಗಿಂತ ಹೆಚ್ಚು ಪರಿಚಿತವಾಗಿದ್ದುದು ಮತ್ತೊಂದು ಮರಣ. ಆಚಾರಭಂಗವನ್ನು ವಿಚಾರಿಸಿ ಪ್ರಾಯಶ್ಚಿತ್ತವನ್ನೋ ಬಹಿಷ್ಕಾರವನ್ನೋ ವಿಧಿಸುವ ಅಧಿಕಾರವು ಮಠಗಳಿಗಿತ್ತು. ಪತಿತನಾದವನು ಪ್ರಾಯಶ್ಚಿತ್ತಕ್ಕೆ ಒಪ್ಪದಿದ್ದರೆ ಜ್ಞಾತಿಗಳು ಕೂಡಿ, ನೀರು ತುಂಬಿದ ಗಡಿಗೆಯನ್ನು ದಾಸಿಯ ಕಾಲಿನಿಂದ ಉರುಳಿಸಿ, ಬದುಕಿರುವವನನ್ನೇ ಸತ್ತನೆಂದು ಎಣಿಸುವ ಘಟಸ್ಫೋಟವಿಧಿಯು ಧರ್ಮಶಾಸ್ತ್ರಗಳಲ್ಲಿದೆ. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವೂ, ೧೯೭೭ರಲ್ಲಿ ಗಿರೀಶ ಕಾಸರವಳ್ಳಿಯವರು ಅದರಿಂದ ಮಾಡಿದ ಚಲನಚಿತ್ರವೂ ಈ ಕರ್ಮದ ಹೃದಯಹೀನತೆಯನ್ನು ವಿಧವೆಯೊಬ್ಬಳ ಮೂಲಕ ತೋರಿಸಿವೆ; ಅದರ ಕ್ರೌರ್ಯವನ್ನು ಮುಚ್ಚಿಡುವಂತಿಲ್ಲ. ಹಾಗಿದ್ದರೂ ಶಾಸ್ತ್ರದ ವಿಧಿಯಲ್ಲಿ ಒಂದು ವಿಶೇಷವುಂಟು. ಮುಂದೆ ಎಂದಾದರೂ ಆತನು ಪ್ರಾಯಶ್ಚಿತ್ತವನ್ನು ಮಾಡಿಕೊಂಡು ಬಂದರೆ, ಜ್ಞಾತಿಗಳು ಅವನೊಡನೆ ಪುಣ್ಯಜಲದಲ್ಲಿ ಮಿಂದು, ಹೊಸ ಗಡಿಗೆಯನ್ನು ನೀರಿಗೆ ಬಿಟ್ಟು, ಅವನನ್ನು ಮತ್ತೆ ಕೂಡಿಕೊಳ್ಳತಕ್ಕದ್ದು. ಸತ್ತವನು ಮರಳಿ ಬರುವುದಕ್ಕೆ ಬಾಗಿಲನ್ನು ಇರಿಸಿದ ಮರಣದಂಡನೆಯಿದು. ವ್ಯವಹಾರದಲ್ಲಿ, ಮುಖ್ಯವಾಗಿ ಹೆಂಗಸರ ಪಾಲಿಗೆ, ಆ ಬಾಗಿಲು ಮುಚ್ಚಿಯೇ ಇರುತ್ತಿದ್ದಿತು; ಆದರೂ ಬಾಗಿಲು ಬೇಕೆಂದು ಶಾಸ್ತ್ರಕಾರನಿಗೆ ತೋರಿದ್ದು ಸಣ್ಣ ಮಾತಲ್ಲ. ಗಲ್ಲಿನ ಮರಕ್ಕೆ ಇಂಥ ಬಾಗಿಲಿಲ್ಲ.

ಗಲ್ಲಿನ ಮರವು ಈ ಸೀಮೆಯ ಚರಿತ್ರೆಯಲ್ಲಿ ದೊಡ್ಡದಾಗಿ ಕಾಣಿಸಿಕೊಂಡುದು ೧೮೩೦ರಲ್ಲಿ. ಆಗ ಈ ಪ್ರದೇಶವು ಮುಮ್ಮಡಿ ಕೃಷ್ಣರಾಜ ಒಡೆಯರ ಸಂಸ್ಥಾನದ ನಗರದ ಫೌಜುದಾರಿಗೆ ಸೇರಿತ್ತು. ಇಷ್ಟು ಹಣವನ್ನು ಕಟ್ಟುವೆನೆಂದು ಅಮಲ್ದಾರರು ಒಪ್ಪಿಕೊಂಡು ಬರುವ ಶರತ್ತಿನ ಪದ್ಧತಿಯಿಂದ ರೈತರು ನೊಂದಿದ್ದರು. ಆ ವರ್ಷದ ಆಗಸ್ಟ್ ತಿಂಗಳಿನಿಂದ ಅವರು ಕೂಟಗಳನ್ನು ಕಟ್ಟತೊಡಗಿದರು. ಕೆಳದಿಯ ಸಿಂಹಾಸನಕ್ಕೆ ತಾನೇ ಹಕ್ಕುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನೂ, ತರೀಕೆರೆಯ ಪಾಳೆಯಗಾರರ ವಂಶದವರೂ ಇದರಲ್ಲಿ ಸೇರಿಕೊಂಡುದರಿಂದ ರೈತರ ಅಹವಾಲು ದಂಗೆಯಾಗಿ ಬೆಳೆಯಿತು. ಅರಸರ ಕಡೆಯವರು ಅದನ್ನಡಗಿಸಲು ಹಲವರನ್ನು ಗಲ್ಲಿಗೇರಿಸಿದರು. ೧೮೩೧ರ ಅಕ್ಟೋಬರಿನಲ್ಲಿ ಲಾರ್ಡ್ ವಿಲಿಯಂ ಬೆಂಟಿಂಕನು ಸಂಸ್ಥಾನದ ಆಡಳಿತವನ್ನು ಕಂಪೆನಿ ಸರ್ಕಾರದ ಕೈಗೆ ತೆಗೆದುಕೊಂಡನು. ದಂಗೆಯ ಕಾರಣಗಳನ್ನು ವಿಚಾರಿಸಲು ಹಾಕರ್, ಮಾರಿಸನ್, ಮ್ಯಾಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿಯು ನೇಮಿತವಾಗಿ ೧೮೩೩ರ ಡಿಸೆಂಬರಿನಲ್ಲಿ ವರದಿಯನ್ನೊಪ್ಪಿಸಿತು. ಆಡಳಿತದ ದೋಷವೇ ರೈತರನ್ನು ದಂಗೆಗೆ ತಳ್ಳಿತೆಂಬುದು ಅದರ ಸಾರಾಂಶ. ತರೀಕೆರೆಯ ಸರ್ಜಾ ಹನುಮಪ್ಪನಾಯಕನು ೧೮೩೪ರಲ್ಲಿ ಸೆರೆಸಿಕ್ಕಿ ಗಲ್ಲಿಗೇರಿದನು.

ಈ ತಾರೀಖುಗಳ ಕ್ರಮವನ್ನು ಗಮನಿಸಬೇಕು. ಗಲ್ಲು ಮೊದಲು, ವಿಚಾರಣೆ ಅನಂತರ. ರೈತರ ದೂರು ನ್ಯಾಯವಾದುದೆಂದು ಸಮಿತಿಯು ಕಂಡುಕೊಂಡಾಗ, ಆ ದೂರನ್ನು ಹೇಳಿದವರಲ್ಲಿ ಕೆಲವರು ಮೂರು ವರ್ಷಗಳ ಹಿಂದೆಯೇ ಮರಕ್ಕೆ ತೂಗಿದ್ದರು. ಕಂದಾಯವನ್ನು ಇಳಿಸಬಹುದಾಗಿತ್ತು, ಪದ್ಧತಿಯನ್ನು ಬದಲಾಯಿಸಬಹುದಾಗಿತ್ತು. ೧೮೮೧ರಲ್ಲಿ ಸಂಸ್ಥಾನವನ್ನೇ ಒಡೆಯರ ವಂಶಕ್ಕೆ ಹಿಂದಕ್ಕೆ ಕೊಟ್ಟುದೂ ಆಯಿತು. ಹಿಂದಕ್ಕೆ ಕೊಡಲಾಗದೆ ಉಳಿದುದು ಒಂದೇ.

ಅದೇ ದಿನಗಳಲ್ಲಿ, ೧೮೩೧ರ ಜನವರಿ ೨೬ರಂದು, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಆಲದ ಮರಕ್ಕೆ ನೇಣುಹಾಕಿದರು. ಜನರು ನೋಡಿ ಹೆದರಲೆಂಬುದೇ ಬಯಲಿನಲ್ಲಿ ಕೊಲ್ಲುವುದರ ಉದ್ದೇಶ. ಆದುದೇನು? ಆ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟಿ ಹರಕೆ ಹೊರುವ ಸಂಪ್ರದಾಯವು ಬೆಳೆಯಿತು. ೧೮೩೭ರ ಅಕ್ಟೋಬರ್ ೩೧ರಂದು ಮಡಿಕೇರಿಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯಗೌಡನ ನೆನಪೂ ಹಾಗೆಯೇ ಉಳಿದಿದೆ. ರಾಜಕೀಯ ಅಪರಾಧದಲ್ಲಿ ಗಲ್ಲು ಭಯವನ್ನು ಬಿತ್ತಿ ಭಕ್ತಿಯನ್ನು ಬೆಳೆಯುತ್ತದೆಯೆಂಬುದಕ್ಕೆ ಕನ್ನಡನಾಡಿನಲ್ಲಿ ಉದಾಹರಣೆಗಳಿಗೆ ಕೊರತೆಯಿಲ್ಲ. ಆದರೆ ಇಷ್ಟರಿಂದಲೇ ಮರಣದಂಡನೆಯು ಯಾವಾಗಲೂ ನಿಷ್ಫಲವೆಂದು ಸಾಧಿಸಿದಂತಾಗದು. ದಂಗೆಕೋರನು ಬೇರೆ, ದುಡ್ಡಿಗಾಗಿ ನೆರೆಯವನನ್ನು ಕೊಂದವನು ಬೇರೆ. ಎರಡನೆಯವನ ಮರಕ್ಕೆ ಯಾರೂ ತೊಟ್ಟಿಲು ಕಟ್ಟುವುದಿಲ್ಲ. ಕೊಲೆಯಾದವನ ಮನೆಯವರ ದುಃಖವನ್ನು ಸತ್ಯವಂತನು ಎಣಿಸಲಿಲ್ಲವೆಂಬ ಆಕ್ಷೇಪವು ನ್ಯಾಯವಾದುದೇ. ಕೊಲೆಗಾರನ ತಾಯಿಯನ್ನು ಕಂಡ ಕಣ್ಣು ಹತನಾದವನ ತಾಯಿಯನ್ನೂ ಕಾಣಬೇಕು.

ಈ ಎರಡೂ ಕಣ್ಣುಗಳು ಬೇಕಾದ ಪ್ರಸಂಗವು ಈಸೂರಿನದು. ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿಯವರು ೧೯೪೨ರಲ್ಲಿ ತಮ್ಮೂರನ್ನು ಸ್ವತಂತ್ರವೆಂದು ಸಾರಿ, ವೀರಭದ್ರೇಶ್ವರನ ಗುಡಿಯ ಮೇಲೆ ಬಾವುಟವನ್ನೇರಿಸಿ, ಹುಡುಗರನ್ನೇ ಅಮಲ್ದಾರರನ್ನಾಗಿಯೂ ಪೊಲೀಸ್ ಅಧಿಕಾರಿಯನ್ನಾಗಿಯೂ ಮಾಡಿಕೊಂಡರು. ಸೆಪ್ಟೆಂಬರಿನ ಕೊನೆಯಲ್ಲಿ ಊರಿಗೆ ಬಂದ ಅಮಲ್ದಾರ್ ಚೆನ್ನಕೃಷ್ಣಪ್ಪ, ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡ ಇಬ್ಬರೂ ಗಲಭೆಯಲ್ಲಿ ಹತರಾದರು. ಇವರು ಹೊರದೇಶದವರಲ್ಲ, ಸಂಸ್ಥಾನದ ನೌಕರಿಯಲ್ಲಿದ್ದ ಕನ್ನಡಿಗರು. ವಿಚಾರಣೆಯು ನಡೆದು, ೧೯೪೩ರ ಮಾರ್ಚ್ ೮ರಿಂದ ೧೦ರವರೆಗೆ ಬೆಂಗಳೂರಿನ ಸೆರೆಮನೆಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಇಡೀ ಗುಂಪು ಮೇಲೆ ಬಿದ್ದ ಕೊಲೆಯಲ್ಲಿ ಯಾರ ಕೈಯ ಏಟಿನಿಂದ ಯಾರು ಸತ್ತರೆಂಬುದನ್ನು ಯಾವ ನ್ಯಾಯಾಧಿಪತಿಯೂ ಕೂದಲೆಳೆಯಷ್ಟು ನಿಖರವಾಗಿ ಹೇಳಲಾರನು. ಮರಣವಾದರೋ ಅಷ್ಟೂ ನಿಖರವಾದುದು. ಅಧಿಕಾರಿಗಳ ಸಾವು ಅನ್ಯಾಯವೆಂದು ಒಪ್ಪುತ್ತಲೇ, ಐವರ ಸಾವಿನಿಂದ ಆ ಅನ್ಯಾಯವು ಸರಿಹೋಯಿತೆಂದು ಹೇಳಲು ಸಾಧ್ಯವಾಗದಿರುವುದು ಇದರಿಂದಲೇ. ಮುಂದೆ ಐದೇ ವರ್ಷಗಳಲ್ಲಿ ನಾಡು ಸ್ವತಂತ್ರವಾಗಿ, ಆ ಐವರು ಹುತಾತ್ಮರೆನಿಸಿಕೊಂಡರು.

ಕಾಲವನ್ನು ಹೋಲಿಸಿ ನೋಡಿದರೆ ಇನ್ನೊಂದು ಸಂಗತಿಯು ಹೊಳೆಯುತ್ತದೆ. ಈಸೂರಿನ ಗಲ್ಲುಗಳಾಗಿ ಎರಡು ವರ್ಷಗಳು ತುಂಬುವುದರೊಳಗೆ, ೧೯೪೪ರ ನವೆಂಬರಿನಲ್ಲಿ, ಸರ್ ಸಿ. ಪಿ. ರಾಮಸ್ವಾಮಿ ಅಯ್ಯರ್ ದಿವಾನರಾಗಿದ್ದ ತಿರುವಾಂಕೂರು ಸಂಸ್ಥಾನವು ಮರಣದಂಡನೆಯನ್ನು ರದ್ದುಮಾಡಿತು. ದೇಶೀಯ ಸಂಸ್ಥಾನವೊಂದಕ್ಕೆ ಇದು ಅಸಾಧ್ಯವಾಗಿರಲಿಲ್ಲ. ಹಲವು ವಿಷಯಗಳಲ್ಲಿ ಮಾದರಿಯೆನಿಸಿದ ಮೈಸೂರು ಈ ವಿಷಯದಲ್ಲಿ ಆ ದಾರಿಯನ್ನು ಹಿಡಿಯಲಿಲ್ಲ.

ಅದೇ ೧೯೪೪ರಲ್ಲಿ ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕವು ಪ್ರಕಟವಾಯಿತು. ಉತ್ತರಕಾಂಡದಲ್ಲಿ ಬ್ರಾಹ್ಮಣಬಾಲಕನ ಅಕಾಲಮರಣಕ್ಕೆ ಶಂಬೂಕನ ತಪಸ್ಸೇ ಕಾರಣವೆಂದು ನಿರ್ಣಯಿಸಿ ರಾಮನು ಖಡ್ಗದಿಂದ ಅವನ ತಲೆಯನ್ನು ಕಡಿಯುತ್ತಾನೆ. ನ್ಯಾಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ದೂರೊಂದು ಬಂದಿದೆ, ಆರೋಪಿಯ ಹೆಸರು ಜಾತಿಗಳನ್ನು ಮಾತ್ರ ಕೇಳಿದ್ದಾಗಿದೆ, ಶಿಕ್ಷೆಯೂ ನಡೆದಿದೆ. ವಿಚಾರಣೆಯು ಮಾತ್ರ ಇಲ್ಲ. ಕುವೆಂಪು ಅವರು ಈ ಮರಣಶಿಕ್ಷೆಯನ್ನು ಬದಲಾಯಿಸಿದರು. ನಾಟಕದಲ್ಲಿ ರಾಮನು ಬಿಟ್ಟ ಅಸ್ತ್ರವು ಶಂಬೂಕನನ್ನು ಕೊಲ್ಲದೆ ಅವನಿಗೆ ನಮಿಸಿ, ದೂರಿತ್ತ ಬ್ರಾಹ್ಮಣನನ್ನೇ ಅಟ್ಟಿಕೊಂಡು ಬರುತ್ತದೆ. ಅವನೂ ಸಾಯುವುದಿಲ್ಲ, ತಪ್ಪನ್ನರಿತು ಶಂಬೂಕನಿಗೆ ತಲೆಬಾಗುತ್ತಾನೆ, ಮಗನು ಬದುಕುತ್ತಾನೆ. ಪುರಾಣಕಥೆಯನ್ನು ಹೀಗೆ ತಿರುಗಿಸುವುದು ಸಲ್ಲದೆಂದು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಪ್ರತ್ಯುತ್ತರವಿತ್ತರು. ಆ ವಾದವು ಸಾಹಿತ್ಯದಲ್ಲಿ ಪುರಾಣವಸ್ತುವಿನ ಬಳಕೆಯನ್ನು ಕುರಿತುದೆಂದೇ ಈವರೆಗೆ ಹೆಚ್ಚಾಗಿ ಓದಲ್ಪಟ್ಟಿದೆ. ವರ್ಣಭೇದದ ಖಂಡನೆಯೂ ಅದರಲ್ಲಿ ಸ್ಪಷ್ಟವಾಗಿದೆ. ಆದರೆ ನಾಟಕದ ರಚನೆಯನ್ನು ನೋಡಿದರೆ, ಅಪರಾಧಿಯನ್ನು ಬದಲಿಸಿದುದಷ್ಟೇ ಅಲ್ಲದೆ ಶಿಕ್ಷೆಯನ್ನೂ ಬದಲಿಸಿದುದು ಕಾಣುತ್ತದೆ. ತಪ್ಪಿತಸ್ಥನೆಂದು ಸಿದ್ಧನಾದ ಬ್ರಾಹ್ಮಣನನ್ನು ಅಸ್ತ್ರಕ್ಕೆ ಬಲಿಕೊಟ್ಟಿದ್ದರೆ ನಾಟಕವು ಸೇಡಿನ ಕಥೆಯಾಗುತ್ತಿತ್ತು. ಕವಿಯು ಅಲ್ಲಿ ದಂಡವನ್ನು ತಡೆದು ಪ್ರಾಯಶ್ಚಿತ್ತಕ್ಕೆ ಎಡೆಮಾಡಿದನು. ಪರಾಶರನ ಪ್ರಾಯಶ್ಚಿತ್ತಕ್ಕೆ ಮಾಧವನು ದಂಡವನ್ನು ಸೇರಿಸಿದಂತೆ, ಆರು ಶತಮಾನಗಳ ಬಳಿಕ ಪಕ್ಕದ ತಾಲ್ಲೂಕಿನಲ್ಲಿ ಹುಟ್ಟಿದವರೊಬ್ಬರು ದಂಡವನ್ನು ತೆಗೆದು ಪ್ರಾಯಶ್ಚಿತ್ತವನ್ನು ಹಿಂದಕ್ಕೆ ತಂದರು.

ಸ್ವಾತಂತ್ರ್ಯಾನಂತರದ ಶಾಸನಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೪೯ರ ಜೂನಿನಲ್ಲಿ ಸಂವಿಧಾನಸಭೆಯಲ್ಲಿ ಡಾ. ಅಂಬೇಡ್ಕರರು, ಅಹಿಂಸೆಯನ್ನು ನಂಬುವ ದೇಶಕ್ಕೆ ಮರಣದಂಡನೆಯನ್ನು ರದ್ದುಪಡಿಸುವುದೇ ಯುಕ್ತವೆಂಬ ತಮ್ಮ ಅಭಿಪ್ರಾಯವನ್ನು ಸೂಚಿಸಿದರು. ಸಭೆಯು ಅದನ್ನು ಸಂವಿಧಾನಕ್ಕೆ ಸೇರಿಸಲಿಲ್ಲ. ಕೊಲೆಯ ಮೊಕದ್ದಮೆಯಲ್ಲಿ ಗಲ್ಲನ್ನು ಏಕೆ ವಿಧಿಸಲಿಲ್ಲವೆಂಬುದಕ್ಕೆ ನ್ಯಾಯಾಧೀಶನು ಕಾರಣವನ್ನು ಬರೆಯಬೇಕೆಂಬ ನಿಯಮವು ೧೯೫೫ರಲ್ಲಿ ಹೋಯಿತು. ಏಕೆ ವಿಧಿಸಿದನೆಂಬುದಕ್ಕೆ ವಿಶೇಷಕಾರಣವನ್ನು ಬರೆಯಬೇಕೆಂಬ ನಿಯಮವು ೧೯೭೩ರಲ್ಲಿ ಬಂದಿತು. ೧೯೮೦ರಲ್ಲಿ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪರೂಪದಲ್ಲಿ ಅಪರೂಪವಾದ ಪ್ರಸಂಗಕ್ಕೆ ಮಾತ್ರ ಅದನ್ನು ಉಳಿಸಿತು.

ಆ ಅಪರೂಪವನ್ನು ಗುರುತಿಸುವುದು ಹೇಗೆಂಬ ತೊಡಕು ಕರ್ನಾಟಕದ ಮೊಕದ್ದಮೆಯಲ್ಲೇ ಪ್ರಕಟವಾಯಿತು. ಸ್ವಾಮಿ ಶ್ರದ್ಧಾನಂದ ಮೊಕದ್ದಮೆಯಲ್ಲಿ ೨೦೦೭ರಲ್ಲಿ ಅದೇ ಸಾಕ್ಷ್ಯವನ್ನೂ ಅದೇ ಕಾನೂನನ್ನೂ ಮುಂದಿಟ್ಟುಕೊಂಡ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಜೀವಾವಧಿ ಸಾಕೆಂದರು, ಮತ್ತೊಬ್ಬರು ಗಲ್ಲೇ ಬೇಕೆಂದರು. ೨೦೦೮ರಲ್ಲಿ ಮೂವರ ಪೀಠವು ಬಿಡುಗಡೆಯಿಲ್ಲದ ಆಜೀವ ಸೆರೆಯೆಂಬ ನಡುದಾರಿಯನ್ನು ಕಂಡುಹಿಡಿಯಿತು. ಸಮಾಜದ ರಕ್ಷಣೆಗೆ ಕೊಲ್ಲುವುದೊಂದೇ ಉಪಾಯವೆಂಬ ದ್ಯುಮತ್ಸೇನನ ವಾದಕ್ಕೆ, ಬೇರೆ ಉಪಾಯವನ್ನು ಹೇಳೆಂಬ ಅವನ ಸವಾಲಿಗೆ, ಈ ತೀರ್ಪು ಒಂದು ಉತ್ತರವಾಗಿದೆ. ಆಜೀವ ಸೆರೆಯೂ ಕ್ರೂರವಲ್ಲವೇ ಎಂದು ಕೇಳುವವರುಂಟು. ಕ್ರೂರವೇ ಇರಬಹುದು, ಆದರೆ ತೀರ್ಪಿನಲ್ಲಿ ತಪ್ಪು ಕಂಡುಬಂದ ದಿನ ಸೆರೆಯ ಬೀಗವನ್ನು ತೆರೆಯಬಹುದು.

ಕಾಯುವಿಕೆಯ ಕ್ರೌರ್ಯವು ಮತ್ತೊಂದು. ಪಾಲಾರ್ ಸ್ಫೋಟದ ಮೊಕದ್ದಮೆಯಲ್ಲಿ ಮೈಸೂರಿನ ನ್ಯಾಯಾಲಯವು ೨೦೦೧ರಲ್ಲಿ ವಿಧಿಸಿದ ಜೀವಾವಧಿಯನ್ನು ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗಲ್ಲಿಗೆ ಏರಿಸಿತು. ವೀರಪ್ಪನ್ ಸಂಗಡಿಗರಾದ ಆ ನಾಲ್ವರ ದಯಾಭಿಕ್ಷೆಯ ಅರ್ಜಿಗಳು ವರ್ಷಾನುಗಟ್ಟಲೆ ಉಳಿದು ೨೦೧೩ರಲ್ಲಿ ತಿರಸ್ಕೃತವಾದುವು. ೨೦೧೪ರ ಜನವರಿ ೨೧ರಂದು, ವಿಳಂಬವೇ ಯಾತನೆಯೆಂದು ಪರಿಗಣಿಸಿ, ಅದೇ ನ್ಯಾಯಾಲಯವು ಆ ಗಲ್ಲನ್ನು ಮತ್ತೆ ಜೀವಾವಧಿಗೆ ಇಳಿಸಿತು. ಏರಿಸಿ ಇಳಿಸುವುದರ ನಡುವೆ ಹತ್ತು ವರ್ಷಗಳು ಸಂದಿದ್ದುವು. ೨೦೨೨ರ ನವೆಂಬರಿನಲ್ಲಿ ನಿರ್ಣಯವಾದ ಕರ್ನಾಟಕದ ಇನ್ನೊಂದು ಮೊಕದ್ದಮೆಯಲ್ಲಿ, ಕೈದಿಯನ್ನು ಬೆಳಗಾವಿಯಲ್ಲಿ ಬಹುಕಾಲ ಒಂಟಿಸೆರೆಯಲ್ಲಿರಿಸಿದುದೇ ಶಿಕ್ಷೆಯನ್ನಿಳಿಸಲು ಮುಖ್ಯಕಾರಣವಾಯಿತು. ಕೌಟಿಲ್ಯನು ಶುದ್ಧವೆಂದು ಕರೆದ ವಧವು ಆಧುನಿಕ ವ್ಯವಸ್ಥೆಯಲ್ಲಿ ತಾನಾಗಿಯೇ ಚಿತ್ರವಧವಾಗಿ ಪರಿಣಮಿಸಿದೆಯೆಂಬುದನ್ನು ನ್ಯಾಯಾಲಯವೇ ಬೇರೆ ಮಾತುಗಳಲ್ಲಿ ಒಪ್ಪಿದಂತಾಯಿತು. ರೋಷವೂ ಜಾಗರೂಕತೆಯೂ ಒಂದೇ ವ್ಯವಸ್ಥೆಯಲ್ಲಿ ಇರಬೇಕಾದಾಗ ಬೇರೆ ರೀತಿಯಾಗಲಾರದು. ಬೇಗನೆ ಕೊಂದರೆ ೧೮೩೦ರ ನಗರದಂತೆ ವಿಚಾರಣೆಯು ಹಿಂದೆ ಬೀಳುವುದು. ಜಾಗ್ರತೆಯಿಂದ ವಿಚಾರಿಸಿದರೆ ಕೈದಿಯು ದಿನವೂ ಸಾಯುತ್ತ ಕಾಯುವನು.

ಕೇಂದ್ರದ ಕಾನೂನು ಆಯೋಗವು ೧೯೬೭ರ ತನ್ನ ೩೫ನೆಯ ವರದಿಯಲ್ಲಿ ಮರಣದಂಡನೆಯು ಇರಲೆಂದಿತು; ೨೦೧೫ರ ೨೬೨ನೆಯ ವರದಿಯಲ್ಲಿ ಭಯೋತ್ಪಾದನೆ ಮತ್ತು ಯುದ್ಧಸಂಬಂಧವಾದ ಅಪರಾಧಗಳನ್ನು ಬಿಟ್ಟು ಉಳಿದೆಡೆ ಹೋಗಲೆಂದಿತು. ಸರ್ಕಾರವು ಎರಡನೆಯ ಸಲಹೆಯನ್ನು ಸ್ವೀಕರಿಸಲಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಶಿಕ್ಷೆಯು ಉಳಿದಿದೆ. ಐವರು ಅಥವಾ ಹೆಚ್ಚು ಮಂದಿ ಗುಂಪುಗೂಡಿ ಜಾತಿ, ಭಾಷೆ ಮೊದಲಾದ ಕಾರಣಗಳಿಗಾಗಿ ಕೊಲೆಮಾಡಿದರೆ ಆ ಗುಂಪಿನ ಪ್ರತಿಯೊಬ್ಬನಿಗೂ ಗಲ್ಲು ಅಥವಾ ಜೀವಾವಧಿಯನ್ನು ವಿಧಿಸಬಹುದೆಂಬ ಹೊಸ ಪ್ರಕರಣವೊಂದು ಅದರಲ್ಲಿ ಸೇರಿದೆ. ದುರ್ಬಲರನ್ನು ಗುಂಪಿನ ರೋಷದಿಂದ ಕಾಯುವುದು ಅದರ ಉದ್ದೇಶ, ಒಳ್ಳೆಯ ಉದ್ದೇಶ. ಗುಂಪಿನಲ್ಲಿ ಯಾರ ಕೈಯ ಏಟು ಎಂಬ ಈಸೂರಿನ ಪ್ರಶ್ನೆಯು ಮುಂದಿನ ನ್ಯಾಯಾಧೀಶರ ಮುಂದೆ ಆ ಪ್ರಕರಣದ ಮೂಲಕವೇ ಮತ್ತೆ ಬಂದು ನಿಲ್ಲಲಿದೆ.